ಕಿವಿಯೊಳಗಣ ಶಂಖ

ಬೆಳಗಿನ ಜಾವದಲ್ಲಿ ಊರಾಚೆಯ ಗುಡಿಯಲ್ಲಿ ಗಂಟೆ ಮೊಳಗುತ್ತದೆ. ಹಾಸಿಗೆಯಲ್ಲಿ ಮಲಗಿರುವ ಬಾಲಕ ಅದನ್ನು ಕೇಳುತ್ತಾನೆ. ಕಣ್ಣು ತೆರೆಯುವ ಮೊದಲೇ ಅದು ಗುಡಿಯ ಗಂಟೆ, ಶಾಲೆಯ ಗಂಟೆಯಲ್ಲ ಎಂದು ಅರಿಯುತ್ತಾನೆ. ಇದಕ್ಕಾಗಿ ಅವನು ಯಾವ ಪ್ರಯತ್ನವನ್ನೂ ಮಾಡಬೇಕಾಗಿಲ್ಲ. ಆದರೆ ಗಂಟೆಗೂ ಈ ಅರಿವಿಗೂ ನಡುವೆ ನಡೆದುದನ್ನು ವಿಚಾರಿಸಿದರೆ ಸೋಜಿಗವಾಗುತ್ತದೆ. ಗಂಟೆಯಿಂದ ಹೊರಟದ್ದು ಬರಿಯ ನಡುಕ. ಲೋಹ ನಡುಗಿತು, ಅದರ ಸುತ್ತಣ ಗಾಳಿ ನಡುಗಿತು, ಆ ನಡುಕ ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿ ಹಬ್ಬುತ್ತ ಬಂದು ಕಿವಿಯನ್ನು ಮುಟ್ಟಿತು. ಗಾಳಿಯಲ್ಲಿ ಇಂಪಿಲ್ಲ, ಅರ್ಥವಿಲ್ಲ; ಒತ್ತಡದ ಏರಿಳಿತ ಮಾತ್ರ ಇದೆ. ಮಿದುಳಿಗಾದರೋ ಗಾಳಿಯ ಪರಿಚಯವೇ ಇಲ್ಲ; ನರತಂತುಗಳಲ್ಲಿ ಹರಿದುಬರುವ ಸೂಕ್ಷ್ಮ ವಿದ್ಯುತ್ ಸಂಕೇತಗಳಷ್ಟೇ ಅದಕ್ಕೆ ತಿಳಿಯುವ ಭಾಷೆ. ಒಂದು ಲೋಕದ ನಡುಕವನ್ನು ಇನ್ನೊಂದು ಲೋಕದ ಭಾಷೆಗೆ ತಿರುಗಿಸುವ ದುಭಾಷಿ ಎಲ್ಲಿದ್ದಾನೆ? ಅವನನ್ನು ಹುಡುಕಿ ಹೊರಟ ವಿದ್ವಾಂಸರಿಗೆ ನೂರಾರು ವರ್ಷ ಹಿಡಿಯಿತು.

ಹೊರಗೆ ಕಾಣುವ ಕಿವಿ ಈ ಕಾರ್ಯದಲ್ಲಿ ಹೊರಬಾಗಿಲಿನ ಆಳು ಮಾತ್ರ. ಅದರ ಹಾಲೆಯ ಮಡಿಕೆಗಳು ಶಬ್ದದ ಅಲೆಗಳನ್ನು ಒಟ್ಟುಗೂಡಿಸಿ, ಸುಮಾರು ಎರಡೂವರೆ ಸೆಂಟಿಮೀಟರು ಉದ್ದದ ಒಂದು ನಾಳದೊಳಕ್ಕೆ ಕಳುಹಿಸುತ್ತವೆ. ನಾಳದ ಕೊನೆಯಲ್ಲಿ ತೆಳುವಾದ ಪೊರೆಯೊಂದು ಬಿಗಿದುಕೊಂಡಿದೆ. ಇದೇ ಕಿವಿತಮಟೆ. ಗಾಳಿಯ ನಡುಕಕ್ಕೆ ತಕ್ಕಂತೆ ತಮಟೆಯೂ ನಡುಗುತ್ತದೆ. ಕಿವಿಗೆ ಕೇಳಿಸಿಯೂ ಕೇಳಿಸದಂತಿರುವ ಅತಿ ಮೆಲುದನಿಗೆ ಈ ಪೊರೆ ಎಷ್ಟು ದೂರ ಚಲಿಸುತ್ತದೆ ಎಂಬುದನ್ನು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ಚಲನೆ ಒಂದು ಪರಮಾಣುವಿನ ಅಡ್ಡಳತೆಗಿಂತಲೂ ಕಡಿಮೆ!

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ. ಅಲ್ಲಿ ಮೂರು ಮೂಳೆಗಳು ಒಂದಕ್ಕೊಂದು ತಗುಲಿಕೊಂಡು ನಿಂತಿವೆ. ಆಕಾರವನ್ನು ನೋಡಿ ಅವಕ್ಕೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ಎಂದರೆ ಕುದುರೆಯ ಸವಾರ ಪಾದವನ್ನಿಡುವ ಬಳೆ. ಮಾನವ ದೇಹದ ಮೂಳೆಗಳಲ್ಲೆಲ್ಲ ಇದೇ ಅತ್ಯಂತ ಚಿಕ್ಕದು. ಇದರ ಉದ್ದ ಸುಮಾರು 3 ಮಿಲಿಮೀಟರು. ಈ ಮೂವರು ಮಧ್ಯವರ್ತಿಗಳು ಏಕೆ ಬೇಕು, ತಮಟೆಯೇ ನೇರವಾಗಿ ಒಳಗಿವಿಯನ್ನು ಮುಟ್ಟಬಾರದಿತ್ತೆ ಎಂದು ಕೇಳಬಹುದು. ಒಳಗಿವಿಯಲ್ಲಿ ಗಾಳಿಯಿಲ್ಲ, ದ್ರವ ತುಂಬಿದೆ ಎಂಬುದೇ ಅದಕ್ಕೆ ಉತ್ತರ. ಕೆರೆಯಲ್ಲಿ ಮುಳುಗು ಹಾಕಿದವನಿಗೆ ದಡದಲ್ಲಿ ನಿಂತವರ ಕೂಗು ಸರಿಯಾಗಿ ಕೇಳಿಸದು. ಗಾಳಿಯಲ್ಲಿ ಬಂದ ಶಬ್ದ ನೀರಿನ ಮೇಲ್ಮೈಗೆ ತಾಕಿದಾಗ ಅದರ ಶಕ್ತಿಯ ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಒಳಹೊಕ್ಕು, ಉಳಿದುದೆಲ್ಲ ಹಿಂದಿರುಗಿಬಿಡುತ್ತದೆ. ಈ ನಷ್ಟವನ್ನು ತುಂಬಿಕೊಡುವುದೇ ಮೂಳೆಗಳ ಕೆಲಸ. ತಮಟೆಯ ಹರವು ರಿಕಾಪಿನ ಪಾದದ ಹರವಿಗಿಂತ ಸುಮಾರು ಹದಿನೇಳು ಪಟ್ಟು ದೊಡ್ಡದು. ಅಗಲವಾದ ಜಾಗದ ಮೇಲೆ ಬಿದ್ದ ಬಲವೆಲ್ಲ ಕಿರಿದಾದ ಜಾಗಕ್ಕೆ ಒಟ್ಟುಗೂಡಿ ಒತ್ತುತ್ತದೆ. ಮೂಳೆಗಳು ಸನ್ನೆಗೋಲಿನಂತೆ ವರ್ತಿಸುವುದರಿಂದ ಇನ್ನಷ್ಟು ಲಾಭ. ಅಂತೂ ರಿಕಾಪು ದ್ರವವನ್ನು ಒತ್ತುವ ಹೊತ್ತಿಗೆ ಒತ್ತಡ ಇಪ್ಪತ್ತು ಪಟ್ಟಿಗೂ ಮೀರಿ ಹೆಚ್ಚಿರುತ್ತದೆ.

ರಿಕಾಪು ಒತ್ತುವ ಸ್ಥಳವೇ ಒಳಗಿವಿಯ ಬಾಗಿಲು. ಅದರಾಚೆ ಕಪಾಲದ ಗಡಸು ಮೂಳೆಯೊಳಗೆ ಬಟಾಣಿ ಕಾಳಿನಷ್ಟು ದೊಡ್ಡದಾದ ಸುರುಳಿಯೊಂದಿದೆ. ಎರಡೂವರೆ ಸುತ್ತು ಸುತ್ತಿಕೊಂಡ ಇದಕ್ಕೆ ಪಾಶ್ಚಾತ್ಯರು ಕಾಕ್ಲಿಯ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಸವನಹುಳು ಎಂದು ಅರ್ಥ. ನಮ್ಮವರ ಕಣ್ಣಿಗೆ ಅದು ಪುಟ್ಟ ಶಂಖದಂತೆ ಕಂಡರೆ ತಪ್ಪಿಲ್ಲ. ಎರಡು ಕಿವಿಗಳ ಶಂಖಗಳು ಒಂದು ಇನ್ನೊಂದರ ಕನ್ನಡಿಬಿಂಬದಂತಿವೆ. ಒಂದು ಬಲಮುರಿಯಾದರೆ ಇನ್ನೊಂದು ಎಡಮುರಿ. ಮಗು ಹುಟ್ಟುವಾಗಲೇ ಈ ಶಂಖ ವಯಸ್ಕರ ಶಂಖದಷ್ಟು ಬೆಳೆದಿರುತ್ತದೆ. ತಾಯಿಯ ಗರ್ಭದಲ್ಲಿರುವ ಶಿಶು ಕೊನೆಯ ತಿಂಗಳುಗಳಲ್ಲಿ ಹೊರಗಿನ ಶಬ್ದಕ್ಕೆ ಸ್ಪಂದಿಸುತ್ತದೆ ಎಂಬುದೂ ಪರೀಕ್ಷೆಯಿಂದ ತಿಳಿದಿದೆ. ಅಭಿಮನ್ಯು ಗರ್ಭದಲ್ಲಿಯೇ ಚಕ್ರವ್ಯೂಹದ ಕಥೆ ಕೇಳಿದನೆಂದು ಕಲ್ಪಿಸಿದವರು, ಯುದ್ಧವಿದ್ಯೆಯ ಮಾತಿರಲಿ, ಕೇಳುವ ಮಾತಿನಲ್ಲಿ ಸತ್ಯಕ್ಕೆ ದೂರವಾಗಿರಲಿಲ್ಲ.

ಶಂಖದ ಸುರುಳಿಯನ್ನು ಬಿಚ್ಚಿ ನೀಳವಾಗಿ ಹಾಸಿದರೆ ಒಳಗೆ ಮೂರು ದ್ರವದ ಓಣಿಗಳು ಕಾಣುತ್ತವೆ. ನಡುವಣ ಓಣಿಯ ನೆಲವಾಗಿ ಸುಮಾರು 35 ಮಿಲಿಮೀಟರು ಉದ್ದದ ಒಂದು ಪಟ್ಟಿ ಹಾಸಿಕೊಂಡಿದೆ. ಇದನ್ನು ಆಧಾರ ಪೊರೆ ಎನ್ನಬಹುದು. ಇದರ ರಚನೆಯಲ್ಲೊಂದು ವಿಚಿತ್ರವಿದೆ. ತುದಿಯತ್ತ ಹೋದಂತೆ ಶಂಖ ಕಿರಿದಾಗುತ್ತದೆ. ಪೊರೆ ಮಾತ್ರ ಅಗಲವಾಗುತ್ತ ಹೋಗುತ್ತದೆ. ರಿಕಾಪಿನ ಬಳಿ ಅದು ಕಿರಿದು ಮತ್ತು ಬಿಗಿ. ತುದಿಯಲ್ಲಿ ಅಗಲ ಮತ್ತು ಸಡಿಲ. 1851ರಲ್ಲಿ ಇಟಲಿಯ ಅಲ್ಫೋನ್ಸೊ ಕೋರ್ಟಿ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಈ ಪೊರೆಯನ್ನು ಪರೀಕ್ಷಿಸಿ, ಅದರ ಮೇಲೆ ಸಾಲುಸಾಲಾಗಿ ನಿಂತಿರುವ ವಿಶಿಷ್ಟ ಜೀವಕೋಶಗಳನ್ನು ವರ್ಣಿಸಿದರು. ಒಂದೊಂದು ಕೋಶದ ನೆತ್ತಿಯ ಮೇಲೂ ಕೂದಲಿನಂತಹ ಎಳೆಗಳ ಕುಚ್ಚು ಇದ್ದುದರಿಂದ ಅವುಗಳಿಗೆ ರೋಮಕೋಶಗಳೆಂಬ ಹೆಸರು ಬಂತು. ಇವೇ ಆ ದುಭಾಷಿಗಳು. ಆದರೆ ಅವು ಏನು ಮಾಡುತ್ತವೆ ಎಂಬುದು ಕೋರ್ಟಿಯವರ ಕಾಲಕ್ಕೆ ತಿಳಿಯಲಿಲ್ಲ.

ಮೊದಲು ಬಿಡಿಸಬೇಕಾಗಿದ್ದ ಒಗಟು ಬೇರೆ. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದಗಳನ್ನು ಕೇಳಬಲ್ಲದು. ಗಾಯಕ ಮಂದ್ರದಲ್ಲಿ ಹಾಡಿದರೆ ಮಂದ್ರವೆಂದೂ, ತಾರದಲ್ಲಿ ಹಾಡಿದರೆ ತಾರವೆಂದೂ ಗುರುತಿಸುತ್ತದೆ. ಶ್ರುತಿ ಒಂದಿಷ್ಟು ತಪ್ಪಿದರೂ ಮುಖ ಸಿಂಡರಿಸುವ ರಸಿಕರಿದ್ದಾರೆ. ಒಂದೇ ಬಾಗಿಲಿನಿಂದ ಒಳಬಂದ ನಡುಕದಲ್ಲಿ ಈ ಭೇದವೆಲ್ಲ ತಿಳಿಯುವುದು ಹೇಗೆ? ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಹೆಸರಾಂತ ಗ್ರಂಥದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟರು. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರವಿರಿಸಿ ಒಂದರ ತಂತಿಯನ್ನು ಮೀಟಿದರೆ, ಮುಟ್ಟದಿದ್ದರೂ ಇನ್ನೊಂದರ ತಂತಿ ಕಂಪಿಸುತ್ತದೆ. ಆಧಾರ ಪೊರೆಯ ಅಡ್ಡ ಎಳೆಗಳೂ ಹೀಗೆಯೇ ಬೇರೆ ಬೇರೆ ಶ್ರುತಿಗೆ ಕೂಡಿಸಿದ ತಂತಿಗಳು. ಯಾವ ಸ್ವರ ಒಳಬರುವುದೋ ಆ ಸ್ವರದ ತಂತಿ ಮಾತ್ರ ಮಿಡಿಯುತ್ತದೆ. ಅದಕ್ಕೆ ಸೇರಿದ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ ಎಂಬುದು ಅವರ ವಾದ.

ಈ ಗ್ರಂಥದ ಪ್ರಭಾವ ಭಾರತದವರೆಗೂ ಹಬ್ಬಿತು. ಮುಂದೆ ಬೆಂಗಳೂರನ್ನು ತಮ್ಮ ಕರ್ಮಭೂಮಿಯಾಗಿಸಿಕೊಂಡ ಸರ್ ಸಿ.ವಿ. ರಾಮನ್ ತಮ್ಮ ಬಾಳನ್ನು ರೂಪಿಸಿದ ಪುಸ್ತಕಗಳ ಸಾಲಿನಲ್ಲಿ ಇದನ್ನೂ ಸೇರಿಸಿದ್ದಾರೆ. ಬೆಳಕಿನ ಸಂಶೋಧನೆಗೆ ಪ್ರಸಿದ್ಧರಾಗುವ ಮೊದಲು ಅವರು ನಾದದ ಬೆನ್ನು ಹತ್ತಿದ್ದರು. ಮೃದಂಗದ ನಡುವಣ ಕಪ್ಪು ಕರಣೆ ಅದರ ದನಿಗೆ ತಂತಿವಾದ್ಯದ ಇಂಪನ್ನು ಹೇಗೆ ತರುತ್ತದೆ ಎಂಬುದನ್ನು ಕುರಿತು ಅವರು 1920ರಲ್ಲಿ ಬರೆದ ಲೇಖನ ಇಂದಿಗೂ ಓದತಕ್ಕದ್ದು.

ಹೆಲ್ಮ್‌ಹೋಲ್ಟ್ಸರ ಉತ್ತರ ಸೊಗಸಾಗಿತ್ತು. ಆದರೆ ಅದು ನಿಜವೆ ಎಂದು ಕಣ್ಣಾರೆ ನೋಡಿದವರು ಯಾರೂ ಇರಲಿಲ್ಲ. ನೋಡುವುದೂ ಸುಲಭವಲ್ಲ. ಕಪಾಲದ ಗಟ್ಟಿ ಮೂಳೆಯೊಳಗೆ ಹುದುಗಿರುವ, ತಾಗಿದರೆ ಹರಿಯುವ, ಗಾಳಿಗೆ ಒಡ್ಡಿದರೆ ಒಣಗುವ ವಸ್ತುವನ್ನು ನೋಡುವ ಬಗೆ ಹೇಗೆ? ಈ ಸಾಹಸಕ್ಕೆ ಕೈಯಿಟ್ಟವರು ವೈದ್ಯರಲ್ಲ; ಹಂಗೆರಿ ದೇಶದ ಅಂಚೆ ಇಲಾಖೆಯ ಒಬ್ಬ ನೌಕರರು. ಅವರ ಹೆಸರು ಜಾರ್ಜ್ ಫಾನ್ ಬೇಕೆಶಿ. 1899ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಜನಿಸಿದ ಅವರು ಭೌತವಿಜ್ಞಾನದಲ್ಲಿ ಪದವಿ ಪಡೆದು, 1923ರಲ್ಲಿ ಅಂಚೆ ಇಲಾಖೆಯ ಪ್ರಯೋಗಶಾಲೆಯನ್ನು ಸೇರಿದರು. ಆ ದೇಶದಲ್ಲಿ ದೂರವಾಣಿಯೂ ಅಂಚೆಯವರ ಅಧೀನದಲ್ಲಿಯೇ ಇತ್ತು. ದೂರವಾಣಿಯ ಮಾತು ಸ್ಪಷ್ಟವಾಗಬೇಕಾದರೆ ಯಾವ ಭಾಗವನ್ನು ಸುಧಾರಿಸಬೇಕು ಎಂಬುದು ಅಲ್ಲಿನ ಪ್ರಶ್ನೆ. ಬೇಕೆಶಿಯವರಿಗೆ ಇನ್ನೊಂದು ಪ್ರಶ್ನೆ ಹುಟ್ಟಿತು: ದೂರವಾಣಿಗೆ ಹೋಲಿಸಿದರೆ ಮನುಷ್ಯನ ಕಿವಿ ಎಷ್ಟು ಮೇಲಾದ ಯಂತ್ರ? ಪರೀಕ್ಷಿಸಿ ನೋಡಿದಾಗ ಕಿವಿತಮಟೆಯ ಮುಂದೆ ಆಗಿನ ದೂರವಾಣಿಯ ಲೋಹದ ಪೊರೆ ತೀರ ಒರಟೆಂದು ಕಂಡಿತು. ಅಲ್ಲಿಂದ ಮುಂದೆ ಅವರ ಚಿತ್ತ ದೂರವಾಣಿಯನ್ನು ಬಿಟ್ಟು ಕಿವಿಯನ್ನೇ ಹಿಡಿಯಿತು.

ಅವರು ಆಸ್ಪತ್ರೆಗಳಿಂದ ಮೃತರ ಕಿವಿಯ ಮೂಳೆಗಳನ್ನು ಪಡೆದು, ಶಂಖದ ಗೋಡೆಯಲ್ಲಿ ನವುರಾಗಿ ಕಿಂಡಿ ಕೊರೆದರು. ಪೊರೆ ಒಣಗದಂತೆ ಎಲ್ಲವನ್ನೂ ದ್ರವದೊಳಗೇ ಮುಳುಗಿಸಿ ಕೆಲಸ ಮಾಡಿದರು. ಇಲಾಖೆಯ ಕಾರ್ಯಾಗಾರದ ಕೊರೆಯುವ ಯಂತ್ರದ ಮೇಲೆ ಬೆಳಗ್ಗೆ ಮೂಳೆಯ ಹುಡಿ ಬಿದ್ದಿರುವುದನ್ನು ಕಂಡ ಕೆಲಸಗಾರರು ಹೌಹಾರಿದ್ದರಲ್ಲಿ ಆಶ್ಚರ್ಯವಿಲ್ಲ. ಪಾರದರ್ಶಕವಾದ ಪೊರೆ ಕಣ್ಣಿಗೆ ಕಾಣಲೆಂದು ಅದರ ಮೇಲೆ ಬೆಳ್ಳಿಯ ಸೂಕ್ಷ್ಮ ಕಣಗಳನ್ನು ಉದುರಿಸಿದರು. ರಿಕಾಪಿನ ಜಾಗದಲ್ಲಿ ಕಂಪನವನ್ನು ಹುಟ್ಟಿಸಿ, ಮಿಣುಕುವ ದೀಪದ ಬೆಳಕಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ನೋಡಿದರು. ದೀಪದ ಮಿಣುಕು ಕಂಪನದ ವೇಗಕ್ಕೆ ಸರಿಹೊಂದಿದಾಗ ಓಡುವ ಅಲೆ ಮೆಲ್ಲನೆ ತೆವಳುವಂತೆ ಕಾಣುತ್ತದೆ.

ಹೀಗೆ ಕಂಡದ್ದು ಹೆಲ್ಮ್‌ಹೋಲ್ಟ್ಸರು ಊಹಿಸಿದ್ದಂತೆ ಇರಲಿಲ್ಲ. ತಂತಿಗಳು ಬಿಡಿಬಿಡಿಯಾಗಿ ಮಿಡಿಯಲಿಲ್ಲ. ಜಮಖಾನದ ಒಂದು ತುದಿಯನ್ನು ಹಿಡಿದು ಕೊಡವಿದರೆ ಮಡಿಕೆಯೊಂದು ಇನ್ನೊಂದು ತುದಿಯತ್ತ ಓಡುವುದಷ್ಟೆ. ಹಾಗೆಯೇ ರಿಕಾಪಿನ ಬಳಿ ಹುಟ್ಟಿದ ಅಲೆ ಪೊರೆಯುದ್ದಕ್ಕೂ ಓಡಿತು; ಓಡುತ್ತ ಉಬ್ಬಿತು; ಒಂದು ನೆಲೆಯಲ್ಲಿ ಅತ್ಯಂತ ಎತ್ತರಕ್ಕೇರಿ, ಅಲ್ಲಿಂದ ಮುಂದೆ ಥಟ್ಟನೆ ಅಡಗಿತು. ತಾರಸ್ಥಾಯಿಯ ಶಬ್ದವಾದರೆ ಈ ನೆಲೆ ರಿಕಾಪಿನ ಹತ್ತಿರ. ಮಂದ್ರವಾದಂತೆಲ್ಲ ಶಂಖದ ತುದಿಯ ಕಡೆಗೆ. ಸ್ವರಕ್ಕೊಂದು ಸ್ಥಾನ ಎಂಬ ಹೆಲ್ಮ್‌ಹೋಲ್ಟ್ಸರ ಮೂಲ ವಿಚಾರ ಉಳಿಯಿತು. ತಂತಿಗಳು ಹೋಗಿ ಅಲೆ ಬಂತು. ಬೇಕೆಶಿಯವರು ಇದನ್ನು 1928ರಲ್ಲಿ ಪ್ರಕಟಿಸಿದರು. ಮಹಾಯುದ್ಧದ ನಂತರ ಅವರು ಸ್ವದೇಶವನ್ನು ತೊರೆದು ಸ್ವೀಡನ್ನಿಗೂ, ಅಲ್ಲಿಂದ ಅಮೆರಿಕಕ್ಕೂ ಹೋದರು. 1961ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ವೈದ್ಯರಲ್ಲದ ಅವರಿಗೆ ದೊರೆತದ್ದು ವೈದ್ಯವಿಜ್ಞಾನದ ಪಾರಿತೋಷಕ!

ಆದರೂ ಒಂದು ಸಂದೇಹ ಉಳಿದಿತ್ತು. ಬೇಕೆಶಿಯವರು ಕಂಡ ಅಲೆಯ ಉಬ್ಬು ಬಹಳ ಅಗಲವಾಗಿತ್ತು. ಅಷ್ಟು ಅಗಲದ ಉಬ್ಬಿನಿಂದ ನೂರಕ್ಕೆ ಒಂದರಷ್ಟೂ ಅಂತರವಿಲ್ಲದ ಎರಡು ಶ್ರುತಿಗಳ ಭೇದವನ್ನು ಸಂಗೀತಗಾರನ ಕಿವಿ ಹಿಡಿಯುವುದು ಸಾಧ್ಯವೆ? ಅಲೆಯನ್ನು ಕಣ್ಣಿಗೆ ಕಾಣಿಸಲು ಅವರು ಕಿವಿಗಡಚಿಕ್ಕುವ ಶಬ್ದವನ್ನೂ ಬಳಸಬೇಕಾಗಿತ್ತು. ಎಲ್ಲಕ್ಕೂ ಮಿಗಿಲಾಗಿ, ಅವರು ನೋಡಿದ್ದು ಸತ್ತ ಕಿವಿಗಳನ್ನು.

1948ರಲ್ಲಿ ಕೇಂಬ್ರಿಡ್ಜಿನ ಥಾಮಸ್ ಗೋಲ್ಡ್ ಎಂಬ ತರುಣರು ಈ ಸಂದೇಹವನ್ನು ಎತ್ತಿ ಹಿಡಿದರು. ಯುದ್ಧಕಾಲದಲ್ಲಿ ಅವರು ರಾಡಾರ್ ಯಂತ್ರಗಳ ಮೇಲೆ ದುಡಿದವರು. ದ್ರವದಲ್ಲಿ ಮುಳುಗಿದ ತಂತಿ ಮಿಡಿಯಲಾರದು, ದ್ರವದ ತಡೆ ಅದರ ಕಂಪನವನ್ನು ಕೂಡಲೇ ಅಡಗಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಕಿವಿ ಬಂದ ಶಬ್ದವನ್ನು ಸುಮ್ಮನೆ ಸ್ವೀಕರಿಸುತ್ತಿಲ್ಲ. ರೇಡಿಯೋ ಯಂತ್ರದಂತೆ ತನ್ನ ಕಡೆಯಿಂದ ಶಕ್ತಿಯನ್ನು ಸೇರಿಸಿ ಕ್ಷೀಣವಾದ ಕಂಪನವನ್ನು ಹೆಚ್ಚಿಸುತ್ತಿದೆ ಎಂದು ಅವರು ವಾದಿಸಿದರು. ಅದು ನಿಜವಾದರೆ ಕಿವಿಯಿಂದಲೇ ಒಮ್ಮೊಮ್ಮೆ ಶಬ್ದ ಹೊರಬರಬೇಕು ಎಂದೂ ಹೇಳಿದರು. ಕಿವಿ ಶಬ್ದವನ್ನು ಹೊರಡಿಸುವುದೆ! ಈ ಮಾತನ್ನು ಹೆಚ್ಚು ಜನ ಗಣನೆಗೆ ತೆಗೆದುಕೊಳ್ಳಲಿಲ್ಲ. ಗೋಲ್ಡ್ ಕಿವಿಯ ಸಹವಾಸವನ್ನು ಬಿಟ್ಟು ನಕ್ಷತ್ರಗಳ ಕಡೆಗೆ ತಿರುಗಿ, ಖಗೋಳ ವಿಜ್ಞಾನಿಯಾಗಿ ಹೆಸರು ಗಳಿಸಿದರು.

ಮೂವತ್ತು ವರ್ಷ ಕಳೆಯಿತು. ಈ ನಡುವೆ, 1971ರಲ್ಲಿ, ಅಮೆರಿಕದ ವಿಲಿಯಂ ರೋಡ್ ಬದುಕಿರುವ ಕೋತಿಯ ಒಳಗಿವಿಯನ್ನು ಪರೀಕ್ಷಿಸಿ, ಅದರ ಪೊರೆ ಮೆಲುದನಿಗಳನ್ನು ವಿಶೇಷವಾಗಿ ಹಿಗ್ಗಿಸುತ್ತದೆಂದೂ, ಪ್ರಾಣ ಹೋದೊಡನೆ ಆ ಗುಣ ಮಾಯವಾಗುತ್ತದೆಂದೂ ತೋರಿಸಿದರು. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಮನುಷ್ಯರ ಕಿವಿಯ ನಾಳದೊಳಗೆ ಪುಟ್ಟ ಧ್ವನಿಗ್ರಾಹಕವೊಂದನ್ನು ಇರಿಸಿ, 'ಟಕ್' ಎಂಬ ಸಣ್ಣ ಸದ್ದನ್ನು ಕಳುಹಿಸಿದರು. ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಕಾಲ ಕಳೆದ ಮೇಲೆ ಕಿವಿಯ ಒಳಗಿನಿಂದ ಅತಿ ಕ್ಷೀಣವಾದ ಮಾರ್ದನಿ ಹಿಂದಿರುಗಿ ಬಂತು. ತಮಟೆಗೆ ತಾಗಿ ಹಿಂದಿರುಗಿದ ಸದ್ದು ಇಷ್ಟು ತಡವಾಗಿ ಬರಲಾರದು. ಶಂಖದೊಳಗೆ ಹೋಗಿ, ಅಲ್ಲಿ ಬಲ ಪಡೆದು, ಬಂದ ದಾರಿಯಲ್ಲಿಯೇ ಮರಳಿದ ಶಬ್ದವದು. ಒಳಗಿವಿ ಕೆಟ್ಟಿದ್ದವರಲ್ಲಿ ಈ ಮಾರ್ದನಿ ಬರಲಿಲ್ಲ. ಗೋಲ್ಡರ ಮಾತು ನಿಜವಾಯಿತು.

ಹಾಗಾದರೆ ಬಲ ಕೊಡುವವರು ಯಾರು? ರೋಮಕೋಶಗಳಲ್ಲಿ ಎರಡು ಬಗೆಯಿವೆ. ಒಳಸಾಲಿನಲ್ಲಿ ಸುಮಾರು 3,500; ಹೊರಗಿನ ಮೂರು ಸಾಲುಗಳಲ್ಲಿ ಸುಮಾರು 12,000. ಕಿವಿಯಿಂದ ಮಿದುಳಿಗೆ ಸುದ್ದಿ ಒಯ್ಯುವ ನರತಂತುಗಳಲ್ಲಿ ನೂರಕ್ಕೆ ತೊಂಬತ್ತೈದು ಒಳಸಾಲಿನ ಕೋಶಗಳಿಗೆ ಸೇರಿವೆ. ಸಂಖ್ಯೆಯಲ್ಲಿ ಹೆಚ್ಚಾಗಿರುವ ಹೊರಸಾಲಿನವು ಏನು ಮಾಡುತ್ತವೆ ಎಂಬುದು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. 1985ರಲ್ಲಿ ವಿಲಿಯಂ ಬ್ರೌನೆಲ್ ಮತ್ತು ಅವರ ಸಂಗಡಿಗರು ಹೊರಸಾಲಿನ ಕೋಶವೊಂದಕ್ಕೆ ವಿದ್ಯುತ್ತನ್ನು ಹಾಯಿಸಿದಾಗ ಅದು ಕುಗ್ಗುವುದನ್ನೂ ಹಿಗ್ಗುವುದನ್ನೂ ಪ್ರಕಟಪಡಿಸಿದರು. ಶಬ್ದ ಬಂದಾಗ ಈ ಕೋಶಗಳು ಅದರ ಲಯಕ್ಕೆ ಸರಿಯಾಗಿ ಕುಣಿಯುತ್ತವೆ. ಕುಣಿದು ಪೊರೆಯನ್ನು ಎತ್ತಿ ಇಳಿಸುತ್ತವೆ. ಅಲೆಯ ಉಬ್ಬನ್ನು ನೂರು ಪಟ್ಟಿಗೂ ಮೀರಿ ಹೆಚ್ಚಿಸಿ ಚೂಪುಗೊಳಿಸುತ್ತವೆ. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ತಕ್ಕ ಗಳಿಗೆಯಲ್ಲಿ ಮೆಲ್ಲನೆ ತಳ್ಳಿದರೆ ಉಯ್ಯಾಲೆ ಮೇಲೆ ಮೇಲೆ ಏರುವುದಿಲ್ಲವೆ? ಕುಣಿತಕ್ಕೆ ಕಾರಣವಾದ ಪ್ರೋಟೀನು 2000ದಲ್ಲಿ ಸಿಕ್ಕಿತು. ಸಂಗೀತದ ದ್ರುತಗತಿಯನ್ನು ಸೂಚಿಸುವ 'ಪ್ರೆಸ್ಟೊ' ಎಂಬ ಪದದಿಂದ ಅದಕ್ಕೆ ಪ್ರೆಸ್ಟಿನ್ ಎಂಬ ಹೆಸರನ್ನಿಟ್ಟರು. ವಿಜ್ಞಾನಿಗಳಲ್ಲಿಯೂ ರಸಿಕರಿದ್ದಾರೆ.

ಇನ್ನು ನಡುಕ ವಿದ್ಯುತ್ತಾಗುವ ಆ ಕ್ಷಣ. ರೋಮಕೋಶದ ನೆತ್ತಿಯ ಎಳೆಗಳು ಮೆಟ್ಟಿಲುಗಳಂತೆ ಗಿಡ್ಡದ ಹಿಂದೆ ಎತ್ತರ, ಅದರ ಹಿಂದೆ ಇನ್ನೂ ಎತ್ತರ ಎಂಬ ಕ್ರಮದಲ್ಲಿ ನಿಂತಿವೆ. ಗಿಡ್ಡ ಎಳೆಯ ತುದಿಯಿಂದ ಅದರ ನೆರೆಯ ಎತ್ತರದ ಎಳೆಯ ಮೈಗೆ ಅತಿ ಸೂಕ್ಷ್ಮವಾದ ಕೊಂಡಿಯೊಂದು ಬಿಗಿದಿದೆ. ಪೊರೆ ಮೇಲೆದ್ದಾಗ ಎಳೆಗಳು ಎತ್ತರದ ಕಡೆಗೆ ವಾಲುತ್ತವೆ. ವಾಲುವುದೆಂದರೂ ಎಷ್ಟು? ಮೆಲುದನಿಗೆ ಮೀಟರಿನ ನೂರು ಕೋಟಿ ಭಾಗಗಳಲ್ಲಿ ಒಂದರಷ್ಟು. ಅಷ್ಟಕ್ಕೇ ಕೊಂಡಿ ಬಿಗಿದು, ಅದು ತಗುಲಿಕೊಂಡಿರುವಲ್ಲಿನ ಕಿರುಬಾಗಿಲನ್ನು ಸೆಳೆದು ತೆರೆಯುತ್ತದೆ. ಹೊರಗೆ ಎಳೆಗಳನ್ನು ಮುಳುಗಿಸಿರುವ ದ್ರವದಲ್ಲಿ ಪೊಟ್ಯಾಸಿಯಂ ಲವಣದ ಕಣಗಳು ಕಿಕ್ಕಿರಿದಿವೆ. ಆ ದ್ರವಕ್ಕೆ ಸುಮಾರು 80 ಮಿಲಿವೋಲ್ಟುಗಳಷ್ಟು ಧನ ವಿದ್ಯುದಂಶವೂ ಉಂಟು. ಈ ಅಂಶವನ್ನು 1952ರಲ್ಲಿ ಅಳೆದು ತೋರಿಸಿದವರೂ ಬೇಕೆಶಿಯವರೇ. ಬಾಗಿಲು ತೆರೆದೊಡನೆ ಕಣಗಳು ಕೋಶದೊಳಕ್ಕೆ ನುಗ್ಗುತ್ತವೆ. ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಕೋಶದ ಬುಡದಿಂದ ಒಂದು ರಾಸಾಯನಿಕ ಹನಿಯುತ್ತದೆ. ಅಲ್ಲಿ ಕಾದಿರುವ ನರತಂತು ಚೋದಿತವಾಗಿ ಮಿದುಳಿಗೆ ಸಂಕೇತವನ್ನು ಕಳುಹಿಸುತ್ತದೆ. ಎಳೆಗಳು ಮರಳಿ ನೆಟ್ಟಗಾದಾಗ ಬಾಗಿಲು ಮುಚ್ಚುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಗಂಟೆಯ ನಡುಕ ಕೇಳಿಕೆಯ ಹೊಸಿಲನ್ನು ದಾಟುವುದು ಈ ಕಿರುಬಾಗಿಲಿನಲ್ಲಿ.

ಈ ವೇಗದ ಬೆಲೆ ಕಣ್ಣಿಗೆ ಹೋಲಿಸಿದಾಗ ತಿಳಿಯುತ್ತದೆ. ಸೆಕೆಂಡಿಗೆ 24 ಬಿಡಿ ಚಿತ್ರಗಳನ್ನು ಓಡಿಸಿದರೆ ಕಣ್ಣು ಮೋಸಹೋಗಿ ಅದನ್ನು ಚಲನೆಯೆಂದೇ ನಂಬುತ್ತದೆ. ಕಿವಿ ಅಷ್ಟು ಸುಲಭವಾಗಿ ಮೋಸಹೋಗದು. ಬಲಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮುಟ್ಟುವುದು ಒಂದಿನಿತು ತಡವಾಗಿ. ಸೆಕೆಂಡಿನ ಲಕ್ಷ ಭಾಗಗಳಲ್ಲಿ ಒಂದರಷ್ಟು ಅಂತರವಾದರೂ ಸಾಕು, ಎರಡು ಕಿವಿಗಳ ಸಂಕೇತಗಳನ್ನು ತೂಗಿನೋಡಿ ಸದ್ದು ಬಂದ ದಿಕ್ಕನ್ನು ಮಿದುಳು ಗುರುತಿಸುತ್ತದೆ. ಹಿಂದಿನಿಂದ ಬರುವ ಬಸ್ಸಿಗೆ ದಾರಿಹೋಕ ತಿರುಗಿ ನೋಡದೆಯೇ ಸರಿದು ನಿಲ್ಲುವುದು ಹೀಗೆ.

ಆದರೆ ಈ ಸಂಪತ್ತು ಎಷ್ಟು ಚಿಕ್ಕದೆಂಬುದನ್ನು ಗಮನಿಸಬೇಕು. ಒಂದು ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಹತ್ತಾರು ಲಕ್ಷವಲ್ಲ, ಹತ್ತು ಕೋಟಿಗೂ ಹೆಚ್ಚು. ಒಂದು ಕಿವಿಯ ರೋಮಕೋಶಗಳು ಎಲ್ಲ ಸೇರಿ ಹದಿನಾರು ಸಾವಿರದ ಆಸುಪಾಸು. ಒಂದು ಸಣ್ಣ ಪಟ್ಟಣದ ಜನಸಂಖ್ಯೆಯಷ್ಟು. ಹುಟ್ಟುವ ಮೊದಲೇ ಇವೆಲ್ಲ ಸಿದ್ಧವಾಗಿರುತ್ತವೆ. ಚರ್ಮ ಗಾಯಗೊಂಡರೆ ಮಾಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಸತ್ತ ರೋಮಕೋಶದ ಜಾಗದಲ್ಲಿ ಮನುಷ್ಯನಲ್ಲಿ ಇನ್ನೊಂದು ಹುಟ್ಟುವುದಿಲ್ಲ.

ಇವುಗಳಲ್ಲಿ ಸಾಮಾನ್ಯವಾಗಿ ಮೊದಲು ಅಳಿಯುವುದು ರಿಕಾಪಿನ ಹತ್ತಿರದ, ತಾರಸ್ಥಾಯಿಗೆ ಮೀಸಲಾದ ಹೊರಸಾಲಿನ ಕೋಶಗಳು. ಇದರ ಪರಿಣಾಮ ವಿಚಿತ್ರ. ಮಾತಿನಲ್ಲಿ ಸ್ವರಾಕ್ಷರಗಳ ಬಲ ತಗ್ಗಿನ ಕಂಪನಗಳಲ್ಲಿದೆ. ಸಕಾರ, ಶಕಾರ, ತಕಾರ, ಕಕಾರಗಳ ಗುರುತು ಬಹುಮಟ್ಟಿಗೆ ಎತ್ತರದ ಕಂಪನಗಳಲ್ಲಿದೆ. ಎತ್ತರದವು ಹೋದಾಗ 'ಹಾಲು', 'ಕಾಲು', 'ಸಾಲು' ಎಂಬ ಮೂರು ಮಾತುಗಳೂ ಒಂದೇ ತೆರನಾದ 'ಆಲು' ಆಗಿ ಕೇಳಿಸುತ್ತವೆ. ಮನೆಯ ಅಜ್ಜ 'ಕೇಳಿಸುತ್ತದೆ, ತಿಳಿಯುವುದಿಲ್ಲ' ಎನ್ನುವುದು ಅಕ್ಷರಶಃ ಸತ್ಯ. ಆಗ ಮನೆಮಂದಿ ಕೂಗಿ ಹೇಳುತ್ತಾರೆ. ಕೂಗಿದರೆ ಸ್ವರದ ಬಲವೇ ಹೆಚ್ಚುವುದಲ್ಲದೆ, ಕಳೆದುಹೋದ ವ್ಯಂಜನ ಹಿಂದಿರುಗುವುದಿಲ್ಲ. ಎದುರಿಗೆ ಕುಳಿತು, ಮುಖ ಕಾಣುವಂತೆ ನಿಧಾನವಾಗಿ ಬಿಡಿಸಿ ಹೇಳಿದರೆ ಅಜ್ಜನಿಗೆ ತಿಳಿಯುತ್ತದೆ. ಆತನನ್ನು ಕಿವುಡನೆಂದು ನಗುವವರು ಈ ಸಣ್ಣ ಉಪಕಾರವನ್ನು ಮಾಡುವುದಿಲ್ಲ.

ವಯಸ್ಸೊಂದೇ ಇದಕ್ಕೆ ಕಾರಣವಲ್ಲ. 1886ರಷ್ಟು ಹಿಂದೆಯೇ ಗ್ಲಾಸ್ಗೋ ನಗರದ ಥಾಮಸ್ ಬಾರ್ ಎಂಬ ವೈದ್ಯರು, ಹಬೆಯ ಬಾಯ್ಲರುಗಳಿಗೆ ಮೊಳೆ ಬಡಿಯುವ ಕೆಲಸಗಾರರನ್ನು ಪರೀಕ್ಷಿಸಿ, ಬಡಿತದ ಶಬ್ದವೇ ಅವರ ಶ್ರವಣವನ್ನು ಕೆಡಿಸಿದೆಯೆಂದು ತೋರಿಸಿದ್ದರು. ಕ್ಷಯರೋಗಿಗಳಿಗೆ ಸಂಜೀವಿನಿಯಾಗಿ ಬಂದ ಸ್ಟ್ರೆಪ್ಟೊಮೈಸಿನ್ ಔಷಧವೂ ಕೆಲವರ ಒಳಗಿವಿಗೆ ಹಾನಿ ಮಾಡಿತು. ಶಬ್ದದ ಮಾತಿಗೆ ಬಂದರೆ, 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳುವುದು ಅಪಾಯಕರವೆಂದು ತಜ್ಞರು ಹೇಳುತ್ತಾರೆ. ಡೆಸಿಬೆಲ್ಲಿನ ಲೆಕ್ಕ ಅಂಗಡಿಯ ಲೆಕ್ಕದಂತಲ್ಲ. ಮೂರು ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಆದ್ದರಿಂದ 88 ಆದರೆ ನಾಲ್ಕು ಗಂಟೆ, 91 ಆದರೆ ಎರಡು ಗಂಟೆ. 100 ಆದರೆ ಕಾಲು ಗಂಟೆಯಷ್ಟೇ ಮಿತಿ. ಮೆರವಣಿಗೆಯಲ್ಲಿ ಆಳೆತ್ತರದ ಧ್ವನಿವರ್ಧಕಗಳ ಮುಂದೆ ಕುಣಿಯುವವರೂ, ಕಿವಿಗೆ ಸಿಕ್ಕಿಸಿಕೊಂಡ ಯಂತ್ರದ ದನಿಯನ್ನು ಮೇರೆಯವರೆಗೆ ಏರಿಸುವವರೂ ಈ ಲೆಕ್ಕವನ್ನು ಕೇಳಿಯೇ ಇರುವುದಿಲ್ಲ. ಭಾರತ ಸರ್ಕಾರವು 2000ದಲ್ಲಿ ನಿಯಮಗಳನ್ನು ಮಾಡಿ, ವಾಸದ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿದೆ. ನಿಯಮ ಕಾಗದದಲ್ಲಿ ಚೆನ್ನಾಗಿದೆ. ಅತಿ ಜೋರಿನ ಶಬ್ದ ಕೇಳಿದ ಮೇಲೆ ಕಿವಿಯಲ್ಲಿ ಗುಂಯ್ ಎಂದು ಸದ್ದಾಗಿ, ಒಂದೆರಡು ದಿನದಲ್ಲಿ ಸರಿಹೋದಂತೆ ತೋರುವುದುಂಟು. ಎಲ್ಲ ಬಾರಿಯೂ ಅದು ಪೂರ್ಣವಾಗಿ ಸರಿಹೋಗಿರುವುದಿಲ್ಲ.

ಮನುಷ್ಯನಿಗೆ ಇಲ್ಲದ ಭಾಗ್ಯ ಹಕ್ಕಿಗಳಿಗಿದೆ. ಕೋಳಿಮರಿಯ ರೋಮಕೋಶಗಳು ಭಾರಿ ಶಬ್ದದಿಂದ ನಾಶವಾದರೂ ಕೆಲವೇ ವಾರಗಳಲ್ಲಿ ಹೊಸ ಕೋಶಗಳು ಹುಟ್ಟಿಕೊಳ್ಳುತ್ತವೆ. 1988ರಲ್ಲಿ ಎರಡು ಸಂಶೋಧಕರ ತಂಡಗಳು ಇದನ್ನು ಖಚಿತಪಡಿಸಿದವು. ಮೀನು, ಕಪ್ಪೆಗಳಲ್ಲಿಯೂ ಹಾಗೆಯೇ. ಹಿತ್ತಿಲಿನ ಕೋಳಿಗೆ ದಕ್ಕಿದ ಶಕ್ತಿಯನ್ನು ಸ್ತನಿಗಳು ಏಕೆ ಕಳೆದುಕೊಂಡವು, ಅದನ್ನು ಮತ್ತೆ ಎಚ್ಚರಿಸಬಹುದೆ ಎಂದು ಪ್ರಯೋಗಶಾಲೆಗಳಲ್ಲಿ ಹುಡುಕಾಟ ನಡೆಯುತ್ತಿದೆ.

ಅದು ಕೈಗೂಡುವವರೆಗೆ ಮನುಷ್ಯ ತನ್ನ ಯುಕ್ತಿಯಿಂದ ಇನ್ನೊಂದು ದಾರಿಯನ್ನು ಮಾಡಿಕೊಂಡಿದ್ದಾನೆ. ರೋಮಕೋಶಗಳು ಸತ್ತರೂ ಅನೇಕರಲ್ಲಿ ಶ್ರವಣ ನರ ಉಳಿದಿರುತ್ತದೆ. ಹಾಗಿದ್ದರೆ ದುಭಾಷಿಯನ್ನು ಬಿಟ್ಟು ನರಕ್ಕೇ ನೇರವಾಗಿ ವಿದ್ಯುತ್ ಸಂಕೇತವನ್ನು ಕೊಡಬಾರದೇಕೆ? ಈ ಪ್ರಯತ್ನ 1957ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾಯಿತು. ಆಸ್ಟ್ರೇಲಿಯದ ವೈದ್ಯ ಗ್ರೇಮ್ ಕ್ಲಾರ್ಕ್ ಅದನ್ನು ಬಹಳ ಮುಂದೆ ಕೊಂಡೊಯ್ದರು. ಔಷಧದಂಗಡಿ ನಡೆಸುತ್ತಿದ್ದ ಅವರ ತಂದೆಗೆ ಕಿವಿ ಮಂದವಾಗಿತ್ತು. ಆ ಕಷ್ಟವನ್ನು ಮಗ ಬಾಲ್ಯದಿಂದ ಕಂಡಿದ್ದರು. ಹಲವು ವಿದ್ಯುದ್ವಾರಗಳುಳ್ಳ ತಂತಿಯನ್ನು ಶಂಖದ ತಿರುವುಗಳಲ್ಲಿ ಒಳಭಾಗ ಹರಿಯದಂತೆ ತೂರಿಸುವುದು ಹೇಗೆ ಎಂಬುದು ಅವರಿಗೆ ದೊಡ್ಡ ತೊಡಕಾಗಿತ್ತು. 1977ರಲ್ಲಿ ಕಡಲ ತೀರದಲ್ಲಿದ್ದಾಗ ಸುರುಳಿಯಾಕಾರದ ಚಿಪ್ಪೊಂದನ್ನು ಎತ್ತಿಕೊಂಡು ಅದರೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದರು. ಬುಡ ಗಟ್ಟಿಯಾಗಿ ತುದಿ ಬಳುಕುವಂತಿದ್ದ ಎಸಳು ಸಲೀಸಾಗಿ ಒಳಹೋಯಿತು. ತಂತಿಯನ್ನೂ ಹಾಗೆಯೇ ಮಾಡಿಸಿ, 1978ರ ಆಗಸ್ಟ್ 1ರಂದು ಮೆಲ್ಬರ್ನ್ ನಗರದಲ್ಲಿ, ಶ್ರವಣವನ್ನು ಕಳೆದುಕೊಂಡಿದ್ದ ಒಬ್ಬ ವ್ಯಕ್ತಿಯ ಕಿವಿಯಲ್ಲಿ ಅಳವಡಿಸಿದರು.

ಇಂದು ಈ ಉಪಕರಣ ಸಾವಿರಾರು ಕಿವುಡ ಮಕ್ಕಳಿಗೆ ಮಾತನ್ನು ತಂದುಕೊಟ್ಟಿದೆ. ಆದರೂ ಇದು ದೇವರು ಕೊಟ್ಟ ಕಿವಿಗೆ ಸಮನಲ್ಲ. ಒಳಸಾಲಿನ ಮೂರೂವರೆ ಸಾವಿರ ಕೋಶಗಳು ನಿರ್ವಹಿಸುತ್ತಿದ್ದ ಕೆಲಸವನ್ನು ಇಪ್ಪತ್ತೆರಡರಷ್ಟು ವಿದ್ಯುದ್ವಾರಗಳಿಂದ ಮಾಡಿಸಬೇಕಾಗಿದೆ. ಮಾತು ತಿಳಿಯುತ್ತದೆ, ರಾಗದ ಸೂಕ್ಷ್ಮ ಕಷ್ಟ. ಇನ್ನೊಂದು ನಿರ್ಬಂಧವೂ ಉಂಟು. ಮಾತನ್ನು ಕಲಿಯುವ ಮಿದುಳಿನ ಶಕ್ತಿ ಎಳವೆಯಲ್ಲಿ ಚುರುಕಾಗಿದ್ದು, ಕೇಳದೆ ವರ್ಷಗಳು ಕಳೆದಂತೆ ಕುಂದುತ್ತದೆ. ಹುಟ್ಟುಕಿವುಡಾದ ಮಗುವಿಗೆ ನೆರವು ಬೇಗ ಸಿಕ್ಕಷ್ಟೂ ಒಳ್ಳೆಯದು. ಹಿಂದೆ ಮಗು ಮಾತನಾಡುವುದು ತಡವಾದಾಗ, ಅಂದರೆ ಎರಡು ಮೂರು ವರ್ಷ ಕಳೆದ ಮೇಲೆ, ತಾಯ್ತಂದೆಯರಿಗೆ ಅನುಮಾನ ಬರುತ್ತಿತ್ತು.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹಿರಿಯದು. ಅಲ್ಲಿಯೂ ಇತರ ಅನೇಕ ಆಸ್ಪತ್ರೆಗಳಲ್ಲಿಯೂ ನವಜಾತ ಶಿಶುಗಳ ಶ್ರವಣವನ್ನು ಪರೀಕ್ಷಿಸುವ ಏರ್ಪಾಡಿದೆ. ಮಾತು ಬಾರದ ಕೂಸನ್ನು ಕೇಳಿಸುತ್ತದೆಯೆ ಎಂದು ಪ್ರಶ್ನಿಸುವುದು ಹೇಗೆ? ಕೆಂಪ್ ಅವರು ಕಂಡ ಆ ಮಾರ್ದನಿಯೇ ಇಲ್ಲಿ ನೆರವಿಗೆ ಬಂದಿದೆ. ಹಾಲು ಕುಡಿದು ನಿದ್ರಿಸುತ್ತಿರುವ ಶಿಶುವಿನ ಕಿವಿಯಲ್ಲಿ ಮೆತ್ತನೆಯ ಬಿರಟೆಯಂತಹ ಸಾಧನವನ್ನಿರಿಸಿ ಮೆಲುವಾದ ಸದ್ದನ್ನು ಕಳುಹಿಸುತ್ತಾರೆ. ಕೆಲವು ನಿಮಿಷಗಳ ಕೆಲಸ. ಶಂಖದೊಳಗಣ ಹೊರಸಾಲಿನ ಕೋಶಗಳು ಬದುಕಿದ್ದರೆ ಸದ್ದಿನೊಡನೆ ಕುಣಿಯುತ್ತವೆ. ಆ ಕುಣಿತದ ಪ್ರತಿಧ್ವನಿ ತಮಟೆಯನ್ನು ದಾಟಿ ಹೊರಗೆ ಬರುತ್ತದೆ. ಮಗು ಎಚ್ಚರಗೊಳ್ಳಬೇಕಾಗಿಲ್ಲ. ಅದರ ಪರವಾಗಿ ಅದರ ಕಿವಿಯೇ ಉತ್ತರ ಕೊಟ್ಟಿರುತ್ತದೆ.